ಹನ್ನೆರಡು ವೋಲ್ಟ್ ಅಂದರೆ ಹನ್ನೆರಡೇ ಅಲ್ಲ: ಆರ್‌ವಿ ದೀಪಗಳಿಗೆ ಎಲ್‌ಇಡಿ ಹಾಕುವ ಮುನ್ನ

ಪ್ರಶ್ನೆ: ನಮ್ಮದು ಸೆಕೆಂಡ್ ಹ್ಯಾಂಡ್ ಆರ್‌ವಿ, ಅಂದರೆ ಒಳಗೇ ಅಡುಗೆ ಮಾಡಿ ಮಲಗುವ ಪ್ರವಾಸದ ಗಾಡಿ. ಒಳಗೆ ಆರು ಡಬಲ್ ಲೈಟ್ ಇವೆ, ಒಂದೊಂದರಲ್ಲಿ ಎರಡೆರಡು ಬಲ್ಬು. ಬಲ್ಬಿನ ಮೇಲೆ 1141 ಎಂದು ಬರೆದಿದೆ. ಬ್ಯಾಟರಿ ಒಂದೇ, 100 ಆಂಪ್-ಅವರ್, ಮಾಮೂಲಿ ಆಸಿಡ್ ಬ್ಯಾಟರಿ. ಹೊರಗಿನ ಕರೆಂಟ್ ಇಲ್ಲದ ಕಡೆ ನಿಲ್ಲಿಸಿದರೆ ರಾತ್ರಿ ಹತ್ತಕ್ಕೆಲ್ಲ ದೀಪ ಮಂಕಾಗುತ್ತದೆ. ಅದಕ್ಕೇ ‘12 ವೋಲ್ಟ್ ಎಲ್‌ಇಡಿ’ ಎಂದು ಬರೆದಿದ್ದ ಅಗ್ಗದ ಕಾರ್ ಬಲ್ಬುಗಳನ್ನು ಒಂದು ಡಜನ್ ತರಿಸಿ ಹಾಕಿದೆ. ಎರಡು ಹತ್ತಲೇ ಇಲ್ಲ. ಆರು ವಾರದಲ್ಲಿ ನಾಲ್ಕು ಸುಟ್ಟುಹೋದವು. ಒಂದು ಸ್ವಿಚ್ ಆಫ್ ಮಾಡಿದರೂ ಮಿಣುಕುತ್ತಲೇ ಇರುತ್ತದೆ. ಉಳಿದವುಗಳ ಬೆಳಕು ನೀಲಿ ನೀಲಿ, ಮನೆಯವರು ‘ಆಸ್ಪತ್ರೆ ವಾರ್ಡಿನ ಥರ ಇದೆ’ ಅಂತಾರೆ. ಹಳೇ ಬಲ್ಬೇ ವಾಸಿ ಅನ್ನಿಸುತ್ತಿದೆ. ಅಡುಗೆ ಕಟ್ಟೆ ಮೇಲೆ ಒಂದು ಸಣ್ಣ ಟ್ಯೂಬ್‌ಲೈಟೂ ಇದೆ, ಅದನ್ನೇನು ಮಾಡಲಿ?

ಉತ್ತರ: ಹಳೇ ಬಲ್ಬು ವಾಸಿ ಅಲ್ಲ. ನೀವು ಕೊಂಡ ಬಲ್ಬು ಆರ್‌ವಿಗೆ ಸರಿಹೋಗುವಂಥದ್ದಲ್ಲ, ಅಷ್ಟೇ. ಸುಟ್ಟುಹೋದ ಆ ನಾಲ್ಕು ಬಲ್ಬುಗಳಿಂದಲೇ ಶುರು ಮಾಡೋಣ. ಅವು ಯಾಕೆ ಸತ್ತವು ಅಂತ ಗೊತ್ತಾದರೆ ಮುಂದೆ ಯಾವುದನ್ನು ತರಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಆರ್‌ವಿಯಲ್ಲಿ ನಾವು ‘12 ವೋಲ್ಟ್’ ಅನ್ನುತ್ತೇವೆ. ಅದು ಬರೀ ಕರೆಯುವ ಹೆಸರು. ಪೂರ್ತಿ ಚಾರ್ಜ್ ಆಗಿ ಸುಮ್ಮನೆ ಕೂತ ಆಸಿಡ್ ಬ್ಯಾಟರಿ 12.7 ವೋಲ್ಟ್ ತೋರಿಸುತ್ತದೆ. ಅರ್ಧ ಖಾಲಿಯಾದಾಗ 12.1 ಹತ್ತಿರ ಇರುತ್ತದೆ. ಹೊರಗಿನ ಕರೆಂಟಿಗೆ ಗಾಡಿಯ ಪ್ಲಗ್ ಸಿಕ್ಕಿಸಿದರೆ ಒಳಗಿನ ಕನ್ವರ್ಟರ್ (ಹೊರಗಿನ ಕರೆಂಟನ್ನು ಇಳಿಸಿ ಬ್ಯಾಟರಿಗೂ ದೀಪಕ್ಕೂ ಕೊಡುವ ಪೆಟ್ಟಿಗೆ, ಚಾರ್ಜರೂ ಅದೇ) 13.6 ಕೊಡುತ್ತದೆ. ಬ್ಯಾಟರಿ ಖಾಲಿ ಇದ್ದರೆ ಬೇಗ ತುಂಬಲಿ ಅಂತ 14.4ರ ತನಕ ಏರಿಸುತ್ತದೆ. ಇಂಜಿನ್ ಓಡುವಾಗ ಆಲ್ಟರ್ನೇಟರಿನಿಂದ, ಮಧ್ಯಾಹ್ನ ಸೋಲಾರಿನಿಂದ ಬರುವುದೂ ಹೆಚ್ಚುಕಡಿಮೆ ಅಷ್ಟೇ. ನೀರಿನ ಪಂಪು ಆನ್-ಆಫ್ ಆಗುವಾಗ ಕ್ಷಣಮಾತ್ರಕ್ಕೆ ವೋಲ್ಟೇಜ್ ಜಿಗಿಯುತ್ತದೆ, ಮೀಟರಿನಲ್ಲಿ ಅದು ಕಾಣಿಸುವುದೂ ಇಲ್ಲ. ಹಳೇ ತಂತಿ ಬಲ್ಬಿಗೆ ಇದೆಲ್ಲ ಲೆಕ್ಕಕ್ಕಿಲ್ಲ. ವೋಲ್ಟೇಜ್ ಜಾಸ್ತಿ ಬಂದರೆ ಒಂಚೂರು ಜೋರಾಗಿ ಉರಿಯುತ್ತದೆ, ಒಂಚೂರು ಬೇಗ ಹೋಗುತ್ತದೆ. ಎಲ್‌ಇಡಿಯ ಸ್ವಭಾವವೇ ಬೇರೆ.

ಸತ್ತ ಬಲ್ಬು ಒಂದನ್ನು ಕೈಗೆ ತಗೊಂಡು ಬೆಳಕಿಗೆ ಹಿಡಿದು ನೋಡಿ. ಹಳದಿ ಚುಕ್ಕಿಗಳು ಮೂರು ಮೂರರ ಸಾಲಿನಲ್ಲಿ ಕೂತಿರುತ್ತವೆ. ಪ್ರತಿ ಸಾಲಿಗೂ ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಕಪ್ಪು ತುಂಡು. ಅದು ರೆಸಿಸ್ಟರ್, ಕರೆಂಟನ್ನು ತಡೆದು ಮಿತಿಯಲ್ಲಿಡುವ ತುಂಡು. ಒಂದೊಂದು ಬಿಳಿ ಎಲ್‌ಇಡಿ ಸುಮಾರು 3 ವೋಲ್ಟ್ ಹಿಡಿಯುತ್ತದೆ, ಮೂರು ಸೇರಿ 9. ಗಾಡಿಯಲ್ಲಿ ನಿಖರವಾಗಿ 12 ವೋಲ್ಟ್ ಇದೆ ಅನ್ನಿ, ಮಿಕ್ಕ 3 ವೋಲ್ಟು ರೆಸಿಸ್ಟರಿನ ತಲೆ ಮೇಲೆ. ಅದು 150 ಓಮಿನದ್ದಾದರೆ ಆ ಸಾಲಿನಲ್ಲಿ 20 ಮಿಲಿಆಂಪ್ ಹರಿಯುತ್ತದೆ. ಇಲ್ಲಿಯವರೆಗೆ ಸುಖ. ಈಗ ಚಾರ್ಜರ್ 14.4ಕ್ಕೆ ಏರಿತು. ಎಲ್‌ಇಡಿಗಳು ತಮ್ಮ 9ರ ಹತ್ತಿರವೇ ನಿಲ್ಲುತ್ತವೆ, ಹೆಚ್ಚಿಗೆ ಬಂದದ್ದೆಲ್ಲ ರೆಸಿಸ್ಟರಿಗೆ. 3 ಇದ್ದದ್ದು 5.4 ಆಯಿತು. ಕರೆಂಟು 20ರಿಂದ 36 ಮಿಲಿಆಂಪಿಗೆ ಹಾರಿತು. ವೋಲ್ಟೇಜ್ ಏರಿದ್ದು ಐದರಲ್ಲಿ ಒಂದು ಪಾಲು, ಕರೆಂಟ್ ಏರಿದ್ದು ಹತ್ತಿರ ಹತ್ತಿರ ಎರಡು ಪಟ್ಟು! ರೆಸಿಸ್ಟರಿನ ಬಿಸಿಯಂತೂ ಮೂರು ಪಟ್ಟು ದಾಟುತ್ತದೆ. ನಿಜದಲ್ಲಿ ಎಲ್‌ಇಡಿಯೂ ತುಸು ಹೆಚ್ಚು ವೋಲ್ಟ್ ಹಿಡಿಯುವುದರಿಂದ ಲೆಕ್ಕ ಇದಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ಆದರೆ ಕಥೆ ಇದೇ.

ಆ ಬಿಸಿ ಹೋಗುವುದಾದರೂ ಎಲ್ಲಿಗೆ? ನಿಮ್ಮ ಲೈಟಿಗೆ ಪ್ಲಾಸ್ಟಿಕ್ ಕವರ್ ಮುಚ್ಚಿದೆ, ಗಾಳಿ ಆಡುವುದಿಲ್ಲ. ತಂತಿ ಬಲ್ಬು ಎಷ್ಟು ಬಿಸಿಯಾದರೂ ಸಹಿಸುತ್ತದೆ, ಎಲ್‌ಇಡಿಗೆ ಬಿಸಿಯೇ ಶತ್ರು. ಒಂದು ಚುಕ್ಕಿ ಸತ್ತರೆ ಆ ಸಾಲಿನ ಮೂರೂ ಆರುತ್ತವೆ. ಸತ್ತ ನಾಲ್ಕೂ ನೀವು ಪ್ಲಗ್ ಸಿಕ್ಕಿಸಿಕೊಂಡು ಸಂಜೆಯೆಲ್ಲ ಉರಿಸಿದ ಲೈಟುಗಳವೇ ಆಗಿರಬೇಕು. ನೆನಪು ಮಾಡಿಕೊಳ್ಳಿ. ಕಾರಿನ ಒಳಗಿನ ಲೈಟು ಬಾಗಿಲು ತೆಗೆದಾಗ ಅರ್ಧ ನಿಮಿಷ ಹತ್ತಿ ಆರುತ್ತದೆ, ಅಲ್ಲಿ ಈ ಬಲ್ಬು ವರ್ಷಗಟ್ಟಲೆ ಬಾಳಬಹುದು. ನಾಲ್ಕು ಗಂಟೆ ಒಂದೇ ಸಮ ಉರಿಯುವುದು ಅದರ ಕೈಲಾಗುವ ಕೆಲಸವಲ್ಲ.

ಹಾಗಾಗಿ ಕೊಳ್ಳುವಾಗ ನಾನು ಮೊದಲು ನೋಡುವುದು ವ್ಯಾಟನ್ನೂ ಅಲ್ಲ, ಬೆಳಕನ್ನೂ ಅಲ್ಲ. ಪ್ಯಾಕೆಟ್ಟಿನ ಮೇಲೆ ವೋಲ್ಟೇಜ್ ಹೇಗೆ ಬರೆದಿದ್ದಾರೆ ಅಂತ. ಬರೀ ‘12 ವೋಲ್ಟ್’ ಎಂದಿದ್ದರೆ ಅಲ್ಲೇ ಇಟ್ಟುಬಿಡುತ್ತೇನೆ. ‘10–30 ವೋಲ್ಟ್’ ಅಥವಾ ‘8–30 ವೋಲ್ಟ್’ ಎಂದು ಇದ್ದರೆ ಒಳಗೆ ರೆಸಿಸ್ಟರಿನ ಬದಲು ಒಂದು ಪುಟ್ಟ ಡ್ರೈವರ್ ಸರ್ಕ್ಯೂಟ್ ಇರುತ್ತದೆ. ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ ಅಂತಾರೆ. ವೋಲ್ಟೇಜ್ 11 ಇರಲಿ, 14.4 ಇರಲಿ, ಎಲ್‌ಇಡಿಗೆ ಹೋಗುವ ಕರೆಂಟನ್ನು ಅದು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಬೆಳಕೂ ಒಂದೇ ಸಮ. ಬೆಲೆ ಜಾಸ್ತಿ, ನಿಜ. ಆದರೆ ನಿಮ್ಮ ಡಜನ್ನಿನಲ್ಲಿ ಆರು ವಾರಕ್ಕೆ ಕೈಕೊಟ್ಟ ಲೆಕ್ಕ ಹಾಕಿದರೆ ಅದೇನು ಅಗ್ಗವಾಗಿತ್ತಾ?

ಕಾರ್ ಬಲ್ಬುಗಳಲ್ಲಿ ‘ಕ್ಯಾನ್‌ಬಸ್’ ಅಂತ ಬರೆದದ್ದೂ ಸಿಗುತ್ತವೆ. ಏನೋ ದೊಡ್ಡ ಹೆಸರು ಅಂತ ಜನ ಅದನ್ನೇ ತರುತ್ತಾರೆ. ಹೊಸ ಕಾರುಗಳ ಕಂಪ್ಯೂಟರು ಬಲ್ಬು ಎಳೆಯುವ ಕರೆಂಟ್ ಕಡಿಮೆಯಾದರೆ ‘ಬಲ್ಬು ಹೋಗಿದೆ’ ಅಂತ ಕೂಗುತ್ತದೆ. ಅದನ್ನು ಸುಮ್ಮನಾಗಿಸಲು ಈ ಬಲ್ಬಿನೊಳಗೆ ಬೇಕೆಂದೇ ಒಂದು ರೆಸಿಸ್ಟರ್ ಇಟ್ಟು ಕರೆಂಟ್ ಸುಡುತ್ತಾರೆ. ಕರೆಂಟ್ ಉಳಿಸಲು ಹೊರಟ ನಿಮಗೆ ಅದು ಯಾಕೆ? ಬೇಡ.

ಈಗ ಬ್ಯಾಟರಿ ಲೆಕ್ಕಕ್ಕೆ ಬರೋಣ. ಒಂದು 1141 ಬಲ್ಬು 12.8 ವೋಲ್ಟಿನಲ್ಲಿ 1.44 ಆಂಪ್ ಎಳೆಯುತ್ತದೆ, ಅಂದರೆ ಹದಿನೆಂಟು ವ್ಯಾಟ್ ಚಿಲ್ಲರೆ. ಹನ್ನೆರಡನ್ನೂ ಒಟ್ಟಿಗೆ ಯಾರೂ ಹಾಕುವುದಿಲ್ಲ. ಸಂಜೆ ಆರರಿಂದ ಹತ್ತರವರೆಗೆ ಮೂರು ಲೈಟು, ಆರು ಬಲ್ಬು ಉರಿದವು ಅಂದುಕೊಳ್ಳಿ. ಒಟ್ಟು 8.6 ಆಂಪ್, ಅದನ್ನು ನಾಲ್ಕು ಗಂಟೆಯಿಂದ ಗುಣಿಸಿದರೆ ಸುಮಾರು 35 ಆಂಪ್-ಅವರ್. ನಿಮ್ಮ ಬ್ಯಾಟರಿ 100 ಅಂತ ಬರೆದಿದ್ದರೂ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಹಾಗಾಗಿ ಕೈಗೆ ಸಿಗುವುದು 50 ಮಾತ್ರ. ಅದರಲ್ಲಿ 35 ದೀಪಕ್ಕೇ ಹೋಯಿತು. ಮಿಕ್ಕ ಹದಿನೈದರಲ್ಲಿ ಪಂಪು, ಫ್ಯಾನು, ಹೀಟರು, ಫೋನ್ ಚಾರ್ಜು ಎಲ್ಲ ನಡೆಯಬೇಕು. ಬ್ಯಾಟರಿಗೆ ವಯಸ್ಸೂ ಆಗಿದ್ದರೆ ಹತ್ತು ಗಂಟೆಗೆ ಮಂಕಾಗದೆ ಇನ್ನೇನಾಗುತ್ತದೆ?

ಅದೇ ಬೆಳಕಿನ ಎಲ್‌ಇಡಿ ಸುಮಾರು 0.2 ಆಂಪ್ ಎಳೆಯುತ್ತದೆ. ಆರು ಬಲ್ಬು, ನಾಲ್ಕು ಗಂಟೆ: 5 ಆಂಪ್-ಅವರ್. ದಿನಕ್ಕೆ 30 ಉಳಿಯಿತು. ಹೊಸ ಬ್ಯಾಟರಿ ತರದೆಯೇ ಬ್ಯಾಟರಿ ದೊಡ್ಡದಾದ ಹಾಗೆ. ಒಂದು ಎಚ್ಚರ ಹೇಳಿಬಿಡುತ್ತೇನೆ: ಚಳಿಯಲ್ಲಿ ರಾತ್ರಿಯಿಡೀ ಹೀಟರಿನ ಫ್ಯಾನ್ ಓಡಿಸುವವರಿಗೆ ಈ ಉಳಿತಾಯ ಅಷ್ಟಾಗಿ ಕಾಣುವುದಿಲ್ಲ. ಆ ಫ್ಯಾನ್ ಒಂದೇ ಹಲವು ಆಂಪ್ ತಿನ್ನುತ್ತದೆ. ದೀಪ ಬದಲಿಸಿದರೂ ಬೆಳಗ್ಗೆ ಬ್ಯಾಟರಿ ಖಾಲಿ ಅಂತ ಬಲ್ಬಿಗೆ ಬೈಯಬೇಡಿ.

ಎಷ್ಟು ಬೆಳಕಿನದ್ದು ತರಬೇಕು? ವ್ಯಾಟ್ ನೋಡಬೇಡಿ, ಬೆಳಕಿನ ಅಳತೆಯಾದ ಲ್ಯೂಮೆನ್ ನೋಡಿ. 1141 ಕೊಡುವುದು 260 ಲ್ಯೂಮೆನ್ ಆಸುಪಾಸು. 200ರಿಂದ 300ರೊಳಗಿನ ಎಲ್‌ಇಡಿ ಸಾಕು. ಅಂಗಡಿಯವರು ಜಾಸ್ತಿ ಲ್ಯೂಮೆನ್ನಿನದ್ದನ್ನೇ ತೋರಿಸುತ್ತಾರೆ. ತಲೆಗೆ ತಾಗುವಷ್ಟು ತಗ್ಗಿನ ಛಾವಣಿಯಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ನನ್ನ ಕೇಳಿದರೆ ಮಲಗುವ ಕಡೆ 150 ಇದ್ದರೂ ಧಾರಾಳ.

ಆಸ್ಪತ್ರೆ ವಾರ್ಡಿನ ವಿಷಯ. ಬಿಳಿ ಎಲ್‌ಇಡಿ ಅನ್ನುವುದು ಒಳಗಡೆ ನೀಲಿ ಎಲ್‌ಇಡಿಯೇ. ಅದರ ಮೇಲೆ ಹಳದಿ ಫಾಸ್ಫರಿನ ಲೇಪ ಇರುತ್ತದೆ, ನೀವು ನೋಡುವ ಹಳದಿ ಚುಕ್ಕಿ ಅದೇ. ನೀಲಿಯೂ ಹಳದಿಯೂ ಬೆರೆತು ಕಣ್ಣಿಗೆ ಬಿಳಿ ಅನ್ನಿಸುತ್ತದೆ. (ಈ ನೀಲಿ ಎಲ್‌ಇಡಿ ಮಾಡಿದ್ದಕ್ಕೇ ಅಕಾಸಾಕಿ, ಅಮಾನೊ, ನಾಕಾಮುರಾ ಮೂವರಿಗೆ 2014ರಲ್ಲಿ ನೊಬೆಲ್ ಬಂತು.) ಫಾಸ್ಫರು ಎಷ್ಟು ಬಣ್ಣ ಬದಲಿಸುತ್ತದೆ ಅನ್ನುವುದರ ಮೇಲೆ ಬೆಳಕಿನ ಹದ ನಿಂತಿದೆ. ಅದನ್ನು ಕೆಲ್ವಿನ್ ಅನ್ನುವ ಅಂಕಿಯಲ್ಲಿ ಬರೆಯುತ್ತಾರೆ. ಹಳೇ ತಂತಿ ಬಲ್ಬಿನದು 2700 ಸುಮಾರು. ನಿಮಗೆ ಬಂದಿರುವುದು 6000 ಮೇಲಿನದು. 2700ರಿಂದ 3000ದೊಳಗಿನದ್ದು ತನ್ನಿ, ‘ವಾರ್ಮ್ ವೈಟ್’ ಎಂದು ಬರೆದಿರುತ್ತದೆ. ತರಕಾರಿ ಹೆಚ್ಚುವ ಕಡೆ 4000 ಇಟ್ಟುಕೊಂಡರೂ ನಡೆಯುತ್ತದೆ. ಸಿಆರ್‌ಐ ಅಂತ ಇನ್ನೊಂದು ಅಂಕಿ ಇರುತ್ತದೆ, ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಲೆಕ್ಕ. 80ಕ್ಕಿಂತ ಕಡಿಮೆ ಬೇಡ, 90 ಸಿಕ್ಕರೆ ಬಿಡಬೇಡಿ. ಮತ್ತೊಂದು: ನಿಮ್ಮ ಲೈಟಿನ ಕವರು ಹಳತಾಗಿ ಹಳದಿಗಟ್ಟಿರುತ್ತದೆ. ಅದು ಬೆಳಕನ್ನು ಇನ್ನಷ್ಟು ಹಳದಿ ಮಾಡುತ್ತದೆ. ಕವರ್ ತೆಗೆದು ಸಾಬೂನು ನೀರಲ್ಲಿ ತೊಳೆದು ಒಣಗಿಸಿ, ಆಮೇಲೆ ಬಲ್ಬಿನ ಬಣ್ಣದ ಬಗ್ಗೆ ತೀರ್ಮಾನ ಮಾಡಿ. ಸತ್ತ ಸೊಳ್ಳೆಗಳನ್ನು ಸ್ವಚ್ಛ ಮಾಡಿದ್ದಕ್ಕೇ ಬೆಳಕು ಹೆಚ್ಚಾದದ್ದನ್ನು ನಾನೇ ನೋಡಿದ್ದೇನೆ.

ಬುಡ ಯಾವುದು ಅಂತ ತಪ್ಪದೆ ನೋಡಿಕೊಳ್ಳಿ. 1141ರ ಬುಡ ಹಿತ್ತಾಳೆಯ ಕೊಳವೆ, 15 ಮಿಲಿಮೀಟರ್ ದಪ್ಪ, ಅಕ್ಕಪಕ್ಕ ಎರಡು ಮೊಳೆ, ಒತ್ತಿ ತಿರುಗಿಸಿ ಕೂರಿಸುವುದು. ತಳದಲ್ಲಿ ಒಂದೇ ಸೀಸದ ಬೊಟ್ಟು ಇದ್ದು ಮೊಳೆಗಳು ಒಂದೇ ಎತ್ತರದಲ್ಲಿದ್ದರೆ ಅದು ಬಿಎ15ಎಸ್. ನಿಮಗೆ ಬೇಕಾದ್ದು ಇದೇ. ಎರಡು ಬೊಟ್ಟು ಇದ್ದರೆ ಬಿಎ15ಡಿ. ಎರಡು ಬೊಟ್ಟು ಇದ್ದು ಮೊಳೆಗಳೂ ಏರುಪೇರಾಗಿದ್ದರೆ ಬಿಎವೈ15ಡಿ, ಅಂದರೆ ಕಾರಿನ ಬ್ರೇಕ್ ಲೈಟಿನ 1157, ನಿಮ್ಮ ಹೋಲ್ಡರಿನಲ್ಲಿ ಅದು ಸರಿಯಾಗಿ ಕೂರುವುದೂ ಇಲ್ಲ. ಎಲ್‌ಇಡಿಯವರು ‘1156/1141’ ಅಂತ ಎರಡನ್ನೂ ಸೇರಿಸಿ ಬರೆಯುತ್ತಾರೆ. ಬುಡ ಒಂದೇ ಆದ್ದರಿಂದ ತೊಂದರೆ ಇಲ್ಲ. ಆದರೆ ತಂತಿ ಬಲ್ಬಿನಲ್ಲಿ 1156 ಅಂದರೆ 27 ವ್ಯಾಟ್. ಹಿಂದಿನ ಮಾಲೀಕರು ಯಾವುದೋ ಲೈಟಿಗೆ ಅದನ್ನೇ ಹಾಕಿದ್ದರೆ ಕವರ್ ಕಂದಿ ಸುಟ್ಟ ಕಲೆ ಬಿದ್ದಿರುತ್ತದೆ. ಅಂಥ ಲೈಟಿನ ಹೋಲ್ಡರನ್ನು ಒಮ್ಮೆ ಸರಿಯಾಗಿ ನೋಡಿ, ಕರಗಿದ್ದರೆ ಲೈಟನ್ನೇ ಬದಲಿಸಿ.

ಓದುವ ಲೈಟುಗಳಲ್ಲಿ, ಹೊರಬಾಗಿಲ ದೀಪದಲ್ಲಿ ಬೇರೆ ಥರದ ಬಲ್ಬು ಇರಬಹುದು. ಗಾಜಿನ ಬುಡವನ್ನೇ ಚಪ್ಪಟೆ ಮಾಡಿ ಸಿಕ್ಕಿಸುವ 921, ಅದೇ ಜಾತಿಯ ಚಿಕ್ಕದು 194. ಕಪಾಟಿನ ಕೆಳಗಿನ ಗುಂಡು ಲೈಟುಗಳಲ್ಲಿ ಎರಡು ಕಡ್ಡಿಯ ಜಿ4 ಹ್ಯಾಲೊಜನ್. ಜಿ4 ಕೊಳ್ಳುವಾಗ ಕಡ್ಡಿ ಪಕ್ಕದಿಂದ ಬಂದಿದೆಯೋ ಹಿಂದಿನಿಂದ ಬಂದಿದೆಯೋ ನೋಡಿ, ತಪ್ಪಿದರೆ ಕವರ್ ಮುಚ್ಚುವುದೇ ಇಲ್ಲ. ಹಳೆಯ ಹ್ಯಾಲೊಜನ್ ಈಗಷ್ಟೇ ಆರಿಸಿದ್ದರೆ ಮುಟ್ಟಲೂ ಬೇಡಿ, ಬೆರಳಿನ ಚರ್ಮ ಅಂಟಿಕೊಂಡೇ ಬರುತ್ತದೆ. ಉದ್ದ ಅಗಲವನ್ನು ಸ್ಕೇಲ್ ಇಟ್ಟೇ ಅಳೆಯಿರಿ. ಜೋಳದ ತೆನೆಯ ಹಾಗೆ ಸುತ್ತಲೂ ಚುಕ್ಕಿ ಇರುವ ಎಲ್‌ಇಡಿಗಳು ಹಳೇ ಬಲ್ಬಿಗಿಂತ ಉದ್ದ ಇರುತ್ತವೆ.

ಬೆಳಕು ಯಾವ ಕಡೆ ಬೀಳುತ್ತದೆ ಅನ್ನುವುದನ್ನೂ ಯೋಚಿಸಿ. ನಿಮ್ಮ ಡಬಲ್ ಲೈಟಿನಲ್ಲಿ ಬಲ್ಬು ಅಡ್ಡ ಮಲಗಿರುತ್ತದೆ. ತೆನೆ ಥರದ್ದು ಹಾಕಿದರೆ ಅರ್ಧ ಬೆಳಕು ಛಾವಣಿ ಕಡೆಗೆ, ಹಿಂದಿನ ಬಿಳಿ ಹಾಳೆಗೆ ಬಡಿದು ವಾಪಸ್ ಬರಬೇಕು. ಒಂದೇ ಮುಖದ ಚಪ್ಪಟೆ ಬಲ್ಬಾದರೆ ತಿರುಗಿಸಿ ಕೂರಿಸಿದ ಮೇಲೆ ಮುಖ ಗೋಡೆ ಕಡೆಗೆ ಬಂದು ನಿಲ್ಲುವುದೂ ಉಂಟು, ಮೊಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೇ ನಿಲ್ಲಬೇಕಲ್ಲ. ಹೆಗಲ ಮೇಲಿನ ಓದುವ ಲೈಟಿಗಾದರೆ ತುದಿಯಲ್ಲಿ ಚುಕ್ಕಿ ಇರುವಂಥದ್ದೇ ಬೇಕು. ವೈರಿನ ತುದಿಗೆ ಅಡಾಪ್ಟರ್ ಇರುವ ಚೌಕದ ಪ್ಯಾನೆಲ್‌ಗಳೂ ಸಿಗುತ್ತವೆ. ಬೆಳಕು ಹರಡಿ ಚೆನ್ನಾಗಿ ಬರುತ್ತದೆ, ಆದರೆ ಹಿಂದಿನ ಅಂಟು ಬಿಸಿಲು ಕಾದ ಛಾವಣಿಯಲ್ಲಿ ಒಂದು ಬೇಸಿಗೆ ತಡೆಯುವುದಿಲ್ಲ. ಹಾಕಿದರೆ ಒಂದು ಸ್ಕ್ರೂ ಅಥವಾ ಪ್ಲಾಸ್ಟಿಕ್ ಟೈ ಸೇರಿಸಿ.

ಕೈ ಹಾಕುವ ಮುಂಚೆ ನನ್ನ ಪೆದ್ದುತನ ಒಂದನ್ನು ಕೇಳಿ. ಮೊದಲ ಸಲ ಲೈಟಿನ ವೈರು ಬದಲಿಸುವಾಗ ಬ್ಯಾಟರಿಯ ಮೈನಸ್ ಬಿಚ್ಚಿಟ್ಟು, ‘ಇನ್ನೇನು ಭಯ’ ಅಂತ ಛಾವಣಿಗೆ ಕೈ ಹಾಕಿದೆ. ಸ್ಕ್ರೂಡ್ರೈವರ್ ಎರಡು ವೈರಿಗೂ ತಾಗಿತು. ಚಟ್ ಅಂತ ಕಿಡಿ, 15 ಆಂಪಿನ ಫ್ಯೂಸ್ ಢಮಾರ್, ಸ್ಕ್ರೂಡ್ರೈವರಿನ ತುದಿಯಲ್ಲಿ ಕರೀ ಕಚ್ಚು. ಹೊರಗಡೆ ಪ್ಲಗ್ ಸಿಕ್ಕಿಸಿದ್ದೇ ಮರೆತಿದ್ದೆ! ಬ್ಯಾಟರಿ ತೆಗೆದರೂ ಕನ್ವರ್ಟರ್ ತನ್ನ ಪಾಡಿಗೆ 13.6 ವೋಲ್ಟ್ ಕೊಡುತ್ತಲೇ ಇತ್ತು. ಹಾಗಾಗಿ ಹೊರಗಿನ ಪ್ಲಗ್ ಮೊದಲು ತೆಗೆಯಿರಿ, ಸೋಲಾರ್ ಇದ್ದರೆ ಅದನ್ನೂ ಬಿಡಿಸಿ, ಆಮೇಲೆ ಬ್ಯಾಟರಿ. ಬರೀ ಬಲ್ಬು ಬದಲಿಸಲು ಇಷ್ಟೆಲ್ಲ ಬೇಡ, ಸ್ವಿಚ್ ಆಫ್ ಮಾಡಿ ಬಲ್ಬು ತಣ್ಣಗಾಗುವವರೆಗೆ ಕಾಯ್ದರೆ ಸಾಕು. ಕೆಲವು ಆರ್‌ವಿಗಳಲ್ಲಿ ಮನೆಯ ಕರೆಂಟಿನಲ್ಲೇ ಉರಿಯುವ ಲೈಟೂ ಒಂದೆರಡು ಇರುತ್ತವೆ. ಪ್ಲಗ್ ತೆಗೆದ ತಕ್ಷಣ ಯಾವುದು ಆರುತ್ತದೋ ಅದು ಆ ಜಾತಿ. ಅದಕ್ಕೆ ಈ ಬಲ್ಬು ಹಾಕುವ ಹಾಗಿಲ್ಲ.

ಹತ್ತದ ಆ ಎರಡು ಬಲ್ಬು ಕೆಟ್ಟಿರಲಿಕ್ಕಿಲ್ಲ. ತಂತಿ ಬಲ್ಬಿಗೆ ಪ್ಲಸ್ ಮೈನಸ್ ಹೆಂಗಿದ್ದರೂ ಆಗುತ್ತದೆ, ಎಲ್‌ಇಡಿಗೆ ಒಂದೇ ದಿಕ್ಕು. ಗಾಡಿ ಕಟ್ಟಿದವರು ಆ ಲೈಟಿನ ವೈರುಗಳನ್ನು ಅದಲು ಬದಲು ಕೊಟ್ಟಿರುತ್ತಾರೆ. ಇಷ್ಟು ವರ್ಷ ಬಲ್ಬು ಹತ್ತುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ. 921ರಂಥ ಚಪ್ಪಟೆ ಬುಡದ್ದಾದರೆ ಕಿತ್ತು ತಿರುಗಿಸಿ ಸಿಕ್ಕಿಸಿದರೆ ಮುಗಿಯಿತು. ನಿಮ್ಮದು ಮೊಳೆ ಬುಡ, ಕೊಳವೆ ಮೈನಸ್, ತಳದ ಬೊಟ್ಟು ಪ್ಲಸ್, ತಿರುಗಿಸಿ ಉಪಯೋಗವಿಲ್ಲ. ಆ ಬಲ್ಬನ್ನು ಹತ್ತುವ ಲೈಟಿಗೆ ಹಾಕಿ ನೋಡಿ. ಅಲ್ಲಿ ಹತ್ತಿದರೆ ತಪ್ಪು ಲೈಟಿನದು. ಲೈಟು ಬಿಚ್ಚಿ ಹಿಂದಿನ ಎರಡು ವೈರು ಅದಲು ಬದಲು ಮಾಡಿ. ಬಣ್ಣ ನಂಬಬೇಡಿ. ಕಾರಿನಲ್ಲಿ ಕಪ್ಪು ಅಂದರೆ ಮೈನಸ್. ಎಷ್ಟೋ ಆರ್‌ವಿಗಳ ಒಳಗೆ ಕಪ್ಪೇ ಪ್ಲಸ್, ಬಿಳಿ ಮೈನಸ್. ಮಲ್ಟಿಮೀಟರ್ ಇಟ್ಟು ನೋಡಿಯೇ ಜೋಡಿಸಿ. ಎರಡೂ ದಿಕ್ಕಿಗೆ ಹತ್ತುವ ಎಲ್‌ಇಡಿಗಳೂ ಇವೆ, ‘ನಾನ್-ಪೋಲಾರಿಟಿ’ ಎಂದಿರುತ್ತದೆ. ಅದನ್ನೇ ತಂದರೆ ಈ ತಲೆಬಿಸಿ ಇಲ್ಲ. ವೈರು ಜೋಡಿಸುವ ಕಡೆ ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ. ರಸ್ತೆ ಮೇಲೆ ಗಾಡಿ ದಿನವಿಡೀ ನಡುಗುತ್ತದೆ, ಒಂದಲ್ಲ ಒಂದು ದಿನ ಬಿಚ್ಚಿಕೊಳ್ಳುತ್ತದೆ. ಒತ್ತಿ ಕೂರಿಸುವ ಕ್ರಿಂಪ್ ಕನೆಕ್ಟರ್ ಹಾಕಿ.

ಆಫ್ ಮಾಡಿದರೂ ಮಿಣುಕುವ ಬಲ್ಬಿಗೆ ದೆವ್ವ ಹಿಡಿದಿಲ್ಲ. ಆ ಲೈಟಿನ ಸ್ವಿಚ್ಚಿನಲ್ಲಿ ಪುಟ್ಟ ಸೂಚಕ ದೀಪ ಇದೆಯಾ ನೋಡಿ. ಇದ್ದರೆ ಅದರ ಮೂಲಕ ಚೂರೇ ಚೂರು ಕರೆಂಟ್ ಸೋರುತ್ತಿರುತ್ತದೆ. ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಸ್ವಿಚ್ಚುಗಳಲ್ಲೂ ಹೀಗೇ. ತಂತಿ ಬಲ್ಬಿಗೆ ಅದು ಏನೇನೂ ಸಾಲದು, ಎಲ್‌ಇಡಿ ಅಷ್ಟಕ್ಕೇ ಹತ್ತಿಬಿಡುತ್ತದೆ. ಸುಲಭದ ದಾರಿ: ಆ ಸ್ವಿಚ್ಚಿನ ಲೈಟಿನಲ್ಲಿ ಒಂದು ಎಲ್‌ಇಡಿ, ಪಕ್ಕದಲ್ಲಿ ಒಂದು ಹಳೇ ಬಲ್ಬು. ಸೋರುವ ಕರೆಂಟು ಹಳೇ ಬಲ್ಬಿನ ಮೂಲಕ ಹೊರಟುಹೋಗುತ್ತದೆ. ಅಷ್ಟು ಬೆಳಕಿನಿಂದ ಬ್ಯಾಟರಿಗೆ ಏನೂ ಆಗುವುದಿಲ್ಲ, ನಿದ್ದೆಗೆ ತೊಂದರೆ ಇಲ್ಲ ಅಂದರೆ ಹಾಗೇ ಬಿಟ್ಟರೂ ಸರಿ. ರಾತ್ರಿ ಬಚ್ಚಲಿಗೆ ದಾರಿ ಕಾಣುತ್ತದೆ.

ಹಳ್ಳ ದಿಣ್ಣೆಯಲ್ಲಿ ಯಾವುದಾದರೂ ಬಲ್ಬು ಪಟಪಟ ಅಂದರೆ ಹೋಲ್ಡರ್ ನೋಡಿ. ಹಿತ್ತಾಳೆ ಕಿಲುಬು ಹಿಡಿದಿರುತ್ತದೆ, ಒಳಗಿನ ಸ್ಪ್ರಿಂಗು ಸೊರಗಿರುತ್ತದೆ. ನಯವಾದ ಮರಳು ಕಾಗದದಲ್ಲಿ ಉಜ್ಜಿ, ತಳದ ತಗಡನ್ನು ಒಂಚೂರು ಮೇಲಕ್ಕೆ ಎತ್ತಿ. ಡಿಮ್ಮರ್ ಇರುವ ಲೈಟಿಗೆ ‘ಡಿಮ್ಮಬಲ್’ ಎಂದು ಬರೆದದ್ದೇ ಬೇಕು. ಡ್ರೈವರ್ ಇರುವ ಮಾಮೂಲಿ ಎಲ್‌ಇಡಿ ವೋಲ್ಟೇಜ್ ಇಳಿದರೂ ಬೆಳಕು ಇಳಿಸುವುದಿಲ್ಲ, ಕೊನೆಗೆ ಒಮ್ಮೆಲೇ ಮಿಟುಕಿ ಆರುತ್ತದೆ.

ಟ್ಯೂಬ್‌ಲೈಟಿಗೆ ಮನೆಯಲ್ಲಿ ಹಾಕುವ ಎಲ್‌ಇಡಿ ಟ್ಯೂಬ್ ತರಬೇಡಿ, ಅದು ಮನೆಯ ಕರೆಂಟಿಗೆ ಮಾಡಿದ್ದು. ನಿಮ್ಮ ಲೈಟಿನೊಳಗೆ 12 ವೋಲ್ಟನ್ನು ಟ್ಯೂಬಿಗೆ ಬೇಕಾದ ಹೆಚ್ಚಿನ ವೋಲ್ಟಿಗೆ ಏರಿಸುವ ಒಂದು ಬ್ಯಾಲಸ್ಟ್ ಇದೆ. ಅದನ್ನು ಪೂರ್ತಿ ತೆಗೆದು, ಬರುವ ಎರಡು ವೈರನ್ನೇ ನೇರವಾಗಿ 10–30 ವೋಲ್ಟಿನ ಎಲ್‌ಇಡಿ ಪಟ್ಟಿಗೆ ಕೊಡಬೇಕು. ಮೊದಲಿನ ಕವರಿನೊಳಗೇ ಪಟ್ಟಿ ಕೂರುತ್ತದೆ. ಬ್ಯಾಲಸ್ಟ್ ಉಳಿಸಿಕೊಂಡು ಎಲ್‌ಇಡಿ ಹಾಕಿದರೆ ಪಟ್ಟಿ ಆ ಕ್ಷಣವೇ ಹೋಗುತ್ತದೆ. ತೆಗೆದ ಟ್ಯೂಬಿನಲ್ಲಿ ಪಾದರಸ ಇದೆ, ಒಡೆಯದ ಹಾಗೆ ಸುತ್ತಿಟ್ಟು ಅಂಥದ್ದನ್ನು ತೆಗೆದುಕೊಳ್ಳುವ ಕಡೆ ಕೊಡಿ, ಕಸಕ್ಕೆ ಎಸೆಯಬೇಡಿ. ಫ್ಯೂಸಿನ ತಂಟೆಗೆ ಮಾತ್ರ ಹೋಗಬೇಡಿ. ಈಗ ಕರೆಂಟ್ ಕಡಿಮೆ ಹರಿಯುತ್ತದೆ ಅಂತ ದೊಡ್ಡ ಫ್ಯೂಸ್ ಹಾಕುವುದಾಗಲಿ, ಅದೇ ವೈರಿಗೆ ಇನ್ನೇನಾದರೂ ಹೊರೆ ಸೇರಿಸಿ ಫ್ಯೂಸ್ ಏರಿಸುವುದಾಗಲಿ ಬೇಡ. ಫ್ಯೂಸ್ ಇರುವುದು ವೈರನ್ನು ಕಾಯಲು, ವೈರು ಬದಲಾಗಿಲ್ಲ.

ಇನ್ನೊಂದು ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ. ಹಳೇ ಬಲ್ಬು ಮಂಕಾದಾಗ ನಿಮಗೆ ಬ್ಯಾಟರಿ ಇಳಿದದ್ದು ಗೊತ್ತಾಗುತ್ತಿತ್ತು. ಅದು ನಿಮ್ಮ ಮೀಟರ್ ಆಗಿತ್ತು. ಹೊಸ ಎಲ್‌ಇಡಿ 11 ವೋಲ್ಟಿಗೆ ಇಳಿದರೂ ಅದೇ ಬೆಳಕು ಕೊಡುತ್ತಾ ಕೂತಿರುತ್ತದೆ. ನೀವು ಎಲ್ಲ ಸರಿ ಇದೆ ಅಂದುಕೊಂಡು ಫ್ಯಾನ್ ಹಾಕಿ ಮಲಗುತ್ತೀರಿ. ಹಾಗಾಗಿ ಬಲ್ಬಿನ ಜೊತೆ ಒಂದು ವೋಲ್ಟ್ ಮೀಟರನ್ನೂ ಕಣ್ಣಿಗೆ ಬೀಳುವ ಕಡೆ ಹಾಕಿ. ಎಲ್ಲ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟಾಗ 12.1 ತೋರಿಸಿದರೆ ಅರ್ಧ ಮುಗಿದಿದೆ ಅಂತ ತಿಳಿಯಿರಿ.

ಈ ಸಲ ಡಜನ್ ತರಿಸಬೇಡಿ. ಎರಡೇ ಎರಡು ತನ್ನಿ, ಅಡುಗೆ ಕಟ್ಟೆ ಹತ್ತಿರದ ಲೈಟಿಗೆ ಹಾಕಿ. ಬ್ಯಾಟರಿ ಖಾಲಿ ಇರುವಾಗ ಹೊರಗಿನ ಪ್ಲಗ್ ಸಿಕ್ಕಿಸಿ, ಚಾರ್ಜರ್ 14 ದಾಟಿದಾಗ ಕವರ್ ಮುಚ್ಚಿ ಎರಡು ಗಂಟೆ ಉರಿಸಿ. ನಡುನಡುವೆ ನೀರಿನ ಪಂಪ್ ಓಡಿಸಿ. ಪಕ್ಕದಲ್ಲಿ ರೇಡಿಯೋ ಹಾಕಿ, ಕೇಂದ್ರಗಳು ಸರಿಯಾಗಿ ಬರುತ್ತವಾ ಕೇಳಿ. ಡ್ರೈವರ್ ಇರುವ ಬಲ್ಬುಗಳಲ್ಲಿ ಕೆಲವು ಕಳಪೆಯವು ರೇಡಿಯೋಗೂ ಟಿವಿ ಆಂಟೆನಾಗೂ ಗೊರಗೊರ ಸದ್ದು ತುಂಬುತ್ತವೆ. ಆಫ್ ಮಾಡಿದ ತಕ್ಷಣ ಸದ್ದು ನಿಂತರೆ ಕಳ್ಳ ಸಿಕ್ಕಿದ ಹಾಗೆ, ಆ ಕಂಪನಿಯದು ಬಿಟ್ಟು ಬೇರೆ ನೋಡಿ. ಕವರ್ ತೆಗೆದು ಬಲ್ಬಿನ ಹತ್ತಿರ ಕೈ ಹಿಡಿಯಿರಿ. ಬೆಚ್ಚಗಿದ್ದರೆ ಸರಿ, ಮುಟ್ಟಲಾಗದಷ್ಟು ಬಿಸಿ ಇದ್ದರೆ ವಾಪಸ್ ಕಳಿಸಿ. ಇದೆಲ್ಲ ದಾಟಿದರೆ ಅದೇ ಬಲ್ಬಿನಲ್ಲಿ ಇನ್ನು ನಾಲ್ಕು ತರಿಸಿ, ದಿನಾ ಉರಿಯುವ ಆ ಮೂರು ಲೈಟು ಮುಗಿಸಿ. ಬಟ್ಟೆ ಕಪಾಟಿನದು, ಸಾಮಾನಿನ ಗೂಡಿನದು ಹಳೇದೇ ಇರಲಿ. ವಾರಕ್ಕೆ ಎರಡು ನಿಮಿಷ ಉರಿಯುವ ಬಲ್ಬಿನಿಂದ ಏನೂ ಉಳಿಯುವುದಿಲ್ಲ. ಬಿಚ್ಚಿದ 1141ಗಳಲ್ಲಿ ಚೆನ್ನಾಗಿರುವ ಎರಡನ್ನು ಬಟ್ಟೆಯಲ್ಲಿ ಸುತ್ತಿ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ. ಯಾವುದಾದರೂ ಲೈಟು ಹತ್ತದಿದ್ದಾಗ ತಪ್ಪು ವೈರಿನದೋ ಬಲ್ಬಿನದೋ ಅಂತ ನೋಡಲು ಅದಕ್ಕಿಂತ ಒಳ್ಳೆಯ ಟೆಸ್ಟರ್ ಇಲ್ಲ.